ಎಲುಬಿಲ್ಲದ್ದು

ಮಾವ ಹಂದಿಮಾಂಸದ ತುಂಡನ್ನು ಬಲ ದವಡೆಯಿಂದ ಎಡ ದವಡೆಗೆ ದಾಟಿಸಿ, ಮತ್ತೆ ಬಲಕ್ಕೇ ತಂದರು. ಸೊಸೆ ಕಂಡೂ ಕಾಣದಂತೆ ಲೋಟಕ್ಕೆ ನೀರು ಬಗ್ಗಿಸಿದಳು. ಎಲುಬಿಲ್ಲದ ಹೋಳುಗಳನ್ನು ಹೋದ ವಾರ ಕಾಫಿಪುಡಿ ಸವರಿ ಹುರಿದಿದ್ದಳು. ಇವತ್ತು ಲಟ್ಟಣಿಗೆಯಿಂದ ಬಡಿದು, ಮಜ್ಜಿಗೆಯಲ್ಲಿ ನೆನೆಸಿ, ಸೇಬು ತುಂಬಿ ಬೇಯಿಸಿದ್ದಳು.

“ಇದೂ ಹೊಸ ರುಚೀನಾ?”

“ಹೂಂ ಮಾವ. ಎಲುಬಿದ್ರೆ ಸೇಬು ತುಂಬೋಕಾಗಲ್ಲ.”

ಮಾಂಸದಂಗಡಿ ನಡೆಸುತ್ತಿದ್ದಷ್ಟು ಕಾಲವೂ ಮಾವ, ಎಲುಬು ಬೇಡವೆಂದ ಗಿರಾಕಿಗಳನ್ನು ‘ಬೊಚ್ಚುಬಾಯಿಗಳು’ ಎಂದು ಆಡಿಕೊಂಡು ನಗುತ್ತಿದ್ದರು. ಈಗ ಬಾಯಲ್ಲಿದ್ದ ತುಂಡನ್ನು ತೆಗೆದು ಮೆಲ್ಲಗೆ ತಟ್ಟೆಯಂಚಿಗಿಟ್ಟರು.

“ಆಗ ನನ್ನ ನಾಲಿಗೆಗೂ ಎಲುಬಿರಲಿಲ್ಲ ಬಿಡಮ್ಮ. ಮುಂದಿನ ವಾರ ಕೈಮಾ ಮಾಡು,” ಎಂದವರು ದನಿ ತಗ್ಗಿಸಿದರು. “ಮನೇಲಿ ಎಲ್ಲರಿಗೂ ಹೊಸ ರುಚಿ ಅಂತಲೇ ಹೇಳು.”