ಒಂದು ಹೆಜ್ಜೆಯೂ ನಡೆಸಬಾರದ ರೋಗಿ

ಸ್ಟ್ರೆಚರ್ ಮೇಲಿನ ಕಂಬಳಿ ಅಲುಗಾಡುತ್ತಿರಲಿಲ್ಲ. ಉಮಾಶ್ರೀ ಎರಡು ಸಲ ನೋಡಿದಳು. ಮೂರನೆಯ ಸಲ ನೋಡುವ ಧೈರ್ಯ ಬರಲಿಲ್ಲ. ಹಸ್ತಾಂತರದ ಕಾಗದಕ್ಕೆ ಅವಳ ಸಹಿ ಬೀಳುವ ತನಕ ಆ ಜೀವ ಕೆಳಗಿನ ತುರ್ತು ವಿಭಾಗದ್ದು; ಸಹಿ ಬಿದ್ದ ಮೇಲೆ ಎರಡನೇ ಮಹಡಿಯ ವಾರ್ಡಿನದು, ಅಂದರೆ ಅಲ್ಲಿನ ನರ್ಸಾದ ಅವಳದು. ಇದು ಅವಳೇ ಮಾಡಿಕೊಂಡ ಕಾನೂನು.

ಮಾಡಿಕೊಳ್ಳಲು ಕಾರಣವಿತ್ತು. ಹೋದ ತಿಂಗಳು ಕೆಳಗಿನವರು ಏನೂ ಹೇಳದೆ ಒಬ್ಬ ಮುದುಕಿಯನ್ನು ಮೇಲಕ್ಕೆ ದಾಟಿಸಿದ್ದರು. ಕೆಳಗೆ ಕೊಟ್ಟ ಇಂಜೆಕ್ಷನ್ನನ್ನೇ ಮೇಲೆಯೂ ಕೊಟ್ಟರು. ಮುದುಕಿ ಹೇಗೋ ಬದುಕಿದಳು, ಮೆಮೊ ಉಮಾಶ್ರೀಗೆ ಬಂತು. ಅಂದಿನಿಂದ ಅವಳ ಬಳಿ ಇಪ್ಪತ್ತೊಂದು ಪ್ರಶ್ನೆಗಳ ಪಟ್ಟಿ. ಎಲ್ಲಕ್ಕೂ ಉತ್ತರ ಸಿಗದೆ ಅವಳು ಯಾರ ನಾಡಿಯನ್ನೂ ಮುಟ್ಟುತ್ತಿರಲಿಲ್ಲ.

ಈ ಸಲ ಕೆಳಗಿನ ನರ್ಸ್ ಭಾಗ್ಯ ಫೋನಿನಲ್ಲಿ ಹೇಳಿದ್ದು ಇಷ್ಟು: ನರಸಯ್ಯ, ಐವತ್ತೆಂಟು ವರ್ಷ, ಮಕ್ತಲ್ ಕಡೆಯ ಕುರಿಗಾರ, ಹೃದಯಾಘಾತ.

"ಒಂದು ಹೆಜ್ಜಿನೂ ನಡಸಬ್ಯಾಡ್ರಿ ಅಂದಾರ ಡಾಕ್ಟರು. ಹನ್ನೊಂದೂವರಿಗೆ ಎರಡನೇ ಇಂಜೆಕ್ಷನ್. ಅದು ತಪ್ಪಿದ್ರ ಮನುಷ್ಯಾ ಉಳಿಯೋದು ಕಷ್ಟ ಐತಿ."

ನಾರಾಯಣಪೇಟೆಯ ಆ ಖಾಸಗಿ ಆಸ್ಪತ್ರೆಯಲ್ಲಿ ಲಿಫ್ಟ್ ಇತ್ತು, ಕೆಟ್ಟಿತ್ತು. ಸ್ಟ್ರೆಚರ್ ನೂಕಲು ಅಂಜಯ್ಯ ಇದ್ದ, ರಜೆಯಲ್ಲಿದ್ದ. ಅಂಥ ದಿನ ರೋಗಿಯ ಜೊತೆ ಬಂದವರೇ ಇಳಿಜಾರು ದಾರಿಯಲ್ಲಿ ಸ್ಟ್ರೆಚರ್ ನೂಕಿಕೊಂಡು ಮೇಲೆ ಬರುವುದು ರೂಢಿ. ಇವತ್ತು ಸ್ಟ್ರೆಚರ್ ಹಿಂದೆ ರುಮಾಲಿನ ಯಜಮಾನನೊಬ್ಬ ನಿಂತಿದ್ದ. ಎರಡು ಮಹಡಿ ನೂಕಿ ಬೆವೆತು, ಬಿಳುಚಿಕೊಂಡು, ಕೇಸ್ ಶೀಟನ್ನು ಎದೆಗೆ ಒತ್ತಿಕೊಂಡಿದ್ದ.

ಹಾಸಿಗೆ ಖಾಲಿಯಾಗಿರಲಿಲ್ಲ. ಅದರಲ್ಲಿದ್ದ ಕುರುಮಮ್ಮ ಮನೆಗೆ ಹೊರಟವಳು, ಅಂಬಲಿ ಕುಡಿದೇ ಇಳಿಯುತ್ತೇನೆಂದು ಕೂತಿದ್ದಳು.

ಉಮಾಶ್ರೀ ಕಂಬಳಿಯತ್ತ ಕೈ ತೋರಿ, ಸ್ವಲ್ಪ ಮುಖ ತೆರೆಯಿರಿ ಎಂದಳು.

"ಈಗ ಕಣ್ಣು ಹತ್ಯಾವ್ರಿ ಅವರಿಗೆ," ಎಂದ ಯಜಮಾನ, ತಗ್ಗಿದ ದನಿಯಲ್ಲಿ. "ರಾತ್ರಿಯೆಲ್ಲ ನಿದ್ದಿಲ್ರಿ. ಮಂಚ ಆಗ್ಲಿ, ನಾನೇ ಎಬ್ಬಸ್ತೀನಿ."

ಸರಿ, ಸಹಿ ಇನ್ನೂ ಬಿದ್ದಿರಲಿಲ್ಲವಲ್ಲ. ಅವಳು ಪಟ್ಟಿ ಬಿಚ್ಚಿದಳು.

ನೋವು ಯಾವಾಗ ಶುರುವಾಯಿತು? ನಸುಕಿನಲ್ಲಿ, ಕುರಿಹಟ್ಟಿಯ ಬಾಗಿಲು ತೆಗೆಯುವಾಗ. ಎಲ್ಲಿಗೆ ಹರಿಯಿತು? ಎಡಗೈಗೆ, ಕಿರುಬೆರಳಿನ ತನಕ. ಕೆಳಗೆ ಏನು ಕೊಟ್ಟರು? ಅಗಿಯಲು ಮಾತ್ರೆ, ಹುಳಿಹುಳಿ. ಮತ್ತೊಂದು ನಾಲಿಗೆಯ ಕೆಳಗೆ, ಇಟ್ಟೊಡನೆ ಜುಮ್ಮೆನ್ನುವಂಥದ್ದು. ಉಮಾಶ್ರೀ ಪೆನ್ನು ಎತ್ತಿ ನೋಡಿದಳು. ಎಂಟು ವರ್ಷದ ನೌಕರಿಯಲ್ಲಿ ಮಾತ್ರೆಯ ರುಚಿಯನ್ನೂ ಹಸ್ತಾಂತರ ಮಾಡಿದವರು ಇವರೇ ಮೊದಲು. ಬೀಡಿಯ ಚಟವಿದೆಯೇ ಎಂದು ಕೇಳಿದಾಗ ಯಜಮಾನ ತಲೆ ತಗ್ಗಿಸಿ, ಬಿಟ್ಟು ವರ್ಷವಾಯಿತು, ನಿನ್ನೆ ಮಾತ್ರ ಒಂದು ಎಂದ. ಒಳ್ಳೆಯ ಮನುಷ್ಯ, ಬೇರೆಯವರ ತಪ್ಪಿಗೂ ನಾಚಿಕೊಳ್ಳುತ್ತಾನೆ ಎಂದುಕೊಂಡಳು.

ಇಂಜೆಕ್ಷನ್ ವಾರ್ಡಿನಲ್ಲಿ ಇರಲಿಲ್ಲ. ಯಜಮಾನನನ್ನೇ ಕೆಳಗಿನ ಔಷಧಿ ಅಂಗಡಿಗೆ ಕಳಿಸಿದಳು. ತಂದ. ಅಂಗಡಿಯವರು ಸಿರಿಂಜ್ ಕೊಡಲು ಮರೆತಿದ್ದರು, ಮತ್ತೆ ಇಳಿದ. ಅಷ್ಟರಲ್ಲಿ ಶೀಟಿನಲ್ಲಿ ತುರ್ತು ವಿಭಾಗದ ಡಾಕ್ಟರ ಸಹಿ ಇಲ್ಲದ್ದು ಅವಳ ಕಣ್ಣಿಗೆ ಬಿತ್ತು. ಮೂರನೆಯ ಸಲವೂ ಅವನೇ ಇಳಿದು ಹೋದ. ಹತ್ತು ನಿಮಿಷವಾಯಿತು. ಮೆಟ್ಟಿಲ ಬಳಿ ಹೋಗಿ ಇಣುಕಿದರೆ ಅರ್ಧಕ್ಕೇ ಗೋಡೆ ಹಿಡಿದು ಕೂತಿದ್ದ.

ಅವಳಿಗೆ ಸಿಟ್ಟು ಬಂತು. "ಜಲ್ದಿ ಬರ್ರಿ ಯಜಮಾನ್ರೆ. ಹಿಂಗ ಕೂತ್ರ ಹ್ಯಾಂಗ? ಇಲ್ಲಿ ಒಂದು ಜೀವದ ಪ್ರಶ್ನಿ ಐತಿ."

"ಹೌದ್ರವ್ವ," ಎಂದು ಅವನು ಎದ್ದ.

ಹನ್ನೊಂದು ಇಪ್ಪತ್ತೈದಕ್ಕೆ ಕುರುಮಮ್ಮನ ಅಂಬಲಿ ಮುಗಿಯಿತು, ಮಂಚ ಖಾಲಿಯಾಯಿತು, ಇಪ್ಪತ್ತೊಂದನೇ ಉತ್ತರವೂ ತುಂಬಿತು. ಉಮಾಶ್ರೀ ಸಹಿ ಹಾಕಿದಳು. ಇಂಥ ಚೊಕ್ಕ ಹಸ್ತಾಂತರ ಈ ಆಸ್ಪತ್ರೆ ಕಂಡಿರಲಿಲ್ಲ. ಸಿರಿಂಜಿಗೆ ಔಷಧಿ ಎಳೆದುಕೊಂಡು, ಸ್ಟ್ರೆಚರನ್ನು ಮಂಚಕ್ಕೆ ತಾಗಿಸಿ, ತಲೆಯ ಕಡೆ ನೀವು ಹಿಡಿಯಿರಿ, ಭಾರ ಅಲ್ಲೇ ಜಾಸ್ತಿ ಎಂದು ಯಜಮಾನನಿಗೆ ಹೇಳಿದಳು.

ಅವನು ಬಗ್ಗಿ, ಕಂಬಳಿಯ ಮೇಲೆ ಮೆತ್ತಗೆ ಕೈಯಿಟ್ಟ. "ಏಳ್ರಿ, ಮಂಚ ಆತು."

ಕಂಬಳಿ ಸರಿಯಿತು. ಮೊದಲು ಅರಿಶಿನ ಮಾಸದ ಕಂಕಣ ಕಟ್ಟಿದ ಕೈಯೊಂದು ಹೊರಬಂತು, ಆಮೇಲೆ ಈಗಷ್ಟೇ ಚಿಗುರಿದ ಮೀಸೆಯ ಮುಖ. ಹುಡುಗ ಆಕಳಿಸಿ ಎದ್ದು ಕೂತು, ಖಾಲಿ ಮಂಚ ನೋಡಿದ.

"ಮತ್ತ ನಮ್ಮ ಮಾವನ್ನ ಜಲ್ದಿ ಮಲಗಸ್ರಿ ಸಿಸ್ಟರ್, ಹೊಸ ಅಳಿಯ ನೂಕೋದು, ತಾವು ಮಲಗೋದು ಮರ್ಯಾದಿ ಅಲ್ಲಂತ ಕೆಳಗಿಂದ ನನ್ನನ್ನೇ ಮಲಗಿಸಿ ನೂಕ್ಕೊಂಡು ಬಂದಾರ್ರಿ."