ಮುಳ್ಳಿಲ್ಲದ ಬದನೆ

ಬದನೆಕಾಯಿಯ ತೊಟ್ಟಿನಲ್ಲಿ ಮುಳ್ಳೇ ಇರಲಿಲ್ಲ. ದಾಕ್ಷಾಯಿಣಿ ಮತ್ತೊಮ್ಮೆ ಬೆರಳಾಡಿಸಿದಳು. ಪಕ್ಕದ ಗಿಡದ ಕಾಯನ್ನೂ ಮುಟ್ಟಿ ನೋಡಿದಳು. ಅದೂ ನುಣುಪು. ಶಿವರಾತ್ರಿಯ ಹೊತ್ತಿಗೆ ಅವಳು ಈ ಡ್ರಮ್ಮಿನ ಮಡಿಯಲ್ಲಿ ಕೈಯಾರೆ ನೆಟ್ಟದ್ದು ಪಕ್ಕದ ಮನೆಯ ಅನುಸೂಯಕ್ಕ ಕೊಟ್ಟ ಮುಳ್ಳು ಬದನೆಯ ಸಸಿ. ಆ ತಳಿಯ ಮುಳ್ಳೆಲ್ಲ ಇರುವುದು ಕಾಯಿಯ ತೊಟ್ಟಿನಲ್ಲೇ. ಕಾಯಿ ಬಿಡುವ ತನಕ ಕೈಗೆ ಗುರುತು ಹತ್ತುವಂಥದ್ದಲ್ಲ. ಈಗ ಹತ್ತಿತು. ಇವು ಅವಳು ನೆಟ್ಟ ಗಿಡಗಳಲ್ಲ.

ಸಕ್ಕರೆ ಕಾಯಿಲೆ ಅವಳ ಎರಡೂ ಕಣ್ಣುಗಳನ್ನು ತಿಂದು ಹಾಕಿ ಎರಡು ವರ್ಷವಾಗಿತ್ತು. ಅದಕ್ಕೆ ಮೊದಲು ತಾಳ್ಯ ಊರಿನ ಆ ಮನೆಯಲ್ಲಿ ಹಿತ್ತಲೆಂದರೆ ಅವಳದೇ ಕಾರುಬಾರು. ಕಣ್ಣು ಹೋದ ಹೊಸದರಲ್ಲಿ ಒಂದು ದಿನ ಅಭ್ಯಾಸಬಲದಿಂದ ಹಿತ್ತಲಿಗೆ ಇಳಿದವಳು ತನ್ನ ಮೆಣಸಿನ ಸಸಿಗಳನ್ನೇ ತುಳಿದುಬಿಟ್ಟಳು. ಅವು ಕಾಲಡಿಯಲ್ಲಿ ಮುರಿದದ್ದು ತಿಳಿದು ಅಲ್ಲೇ ಕುಸಿದು ಕೂತವಳು ಆಮೇಲೆ ಹಿತ್ತಲ ಬಾಗಿಲು ದಾಟಲಿಲ್ಲ. ಒಲೆಯ ಹತ್ತಿರವೂ ಸುಳಿಯಲಿಲ್ಲ. ಬೆಳಗಾದರೆ ನಡುಮನೆಯ ಕಂಬಕ್ಕೆ ಒರಗುವುದು, ಕತ್ತಲಾದರೆ ಮಲಗುವುದು, ಅಷ್ಟೆ.

ಗಂಡ ನಾಗರಾಜಪ್ಪ ಬಾಯಲ್ಲಿ ಸಮಾಧಾನ ಹೇಳುವ ಪೈಕಿ ಅಲ್ಲ. ಹಿರಿಯೂರಿನ ಬೀಗರ ತಾರಸಿಯ ಮೇಲೆ ಡ್ರಮ್ಮಿನಲ್ಲಿ ತರಕಾರಿ ಬೆಳೆದದ್ದನ್ನು ನೋಡಿ ಬಂದವನು, ನೀಲಿ ಡ್ರಮ್ಮುಗಳನ್ನು ಉದ್ದಕ್ಕೆ ಸೀಳಿಸಿ ಸೊಂಟದೆತ್ತರದ ಕಬ್ಬಿಣದ ಕಾಲುಗಳ ಮೇಲೆ ಕೂರಿಸಿದ. ತಳಕ್ಕೆ ಜಲ್ಲಿ, ಅದರೊಳಗಿಂದ ಮೇಲೆದ್ದ ದಪ್ಪ ಬಟ್ಟೆಯ ಬತ್ತಿಗಳು, ಮೇಲೆ ಮಣ್ಣು, ಗೊಬ್ಬರ. ಮೂಲೆಯ ಪೈಪಿಗೆ ನೀರು ಹುಯ್ದರೆ ಅದು ತಳದಲ್ಲಿ ನಿಲ್ಲುತ್ತದೆ. ದೀಪದ ಬತ್ತಿ ಎಣ್ಣೆ ಎಳೆದುಕೊಂಡಂತೆ ಮಣ್ಣು ತನಗೆ ಬೇಕಾದಷ್ಟನ್ನು ಎಳೆದುಕೊಳ್ಳುತ್ತದೆ. ತುಂಬಿದರೆ ಪಕ್ಕದ ತೂತಿನಿಂದ ಹೊರಬಿದ್ದು ಕೆಳಗಿನ ತಗಡಿನ ಮೇಲೆ ಸದ್ದಾಗುತ್ತದೆ. ನೀರು ತುಂಬಿತೆಂದು ತಿಳಿಯಲು ಕಿವಿ ಇದ್ದರೆ ಸಾಕು. “ಅಂಚು ಹಿಡ್ಕಂಡು ನಡಿ, ಎಲ್ಲಾ ಕೈಗೆ ಸಿಗ್ತಾವೆ. ತುಳಿಯಾದೇನೂ ಇಲ್ಲ,” ಎಂದಿದ್ದ.

ಆದರೆ ನೆಟ್ಟ ಕೆಲವೇ ದಿನಕ್ಕೆ ಸಸಿಗಳು ಬಾಡಿ ಬೆರಳಿಗೆ ಜೋತುಬಿದ್ದಿದ್ದವು. ಅಂದು ಅವಳು ಊಟ ಮುಟ್ಟಲಿಲ್ಲ. ಮರುದಿನ ಮಧ್ಯಾಹ್ನ ನಾಗರಾಜಪ್ಪ ಕೈ ಹಿಡಿದು ಕರೆದೊಯ್ದ. ಎಲೆಗಳು ತಣ್ಣಗೆ, ಸೆಟೆದು ನಿಂತಿದ್ದವು. “ನೋಡು, ಬತ್ತಿ ನೀರು ಎಳ್ದೈತೆ. ಜೀವ ಬಂತು,” ಎಂದ. ಆ ಸಂಜೆ ದಾಕ್ಷಾಯಿಣಿ ತಾನಾಗಿ ಒಲೆಯ ಮುಂದೆ ಕೂತು ರೊಟ್ಟಿ ತಟ್ಟಿದ್ದಳು. ಹಾಗಾದರೆ ಅಂದು ಜೀವ ಬಂದದ್ದು ಸಸಿಗಳಿಗಲ್ಲ.

“ಏನೇ ದಾಕ್ಷಾಯಿಣಿ, ಕಾಯಿ ಬಿಟ್ಟಾವಂತೆ?” ಬೇಲಿ ಸರಿಸಿಕೊಂಡು ಬಂದ ಅನುಸೂಯಕ್ಕ ಒಂದು ಕಾಯಿ ಹಿಡಿದು ನೋಡಿ ಅಲ್ಲೇ ನಿಂತಳು. “ಅಯ್ಯ! ಇದ್ಯಾವುದೇ? ನಾನು ಕೊಟ್ಟಿದ್ದು ಮುಳ್ಳು ಬದನೆ, ಇದು ಹೈಬ್ರಿಡ್ ಐತಲ್ಲೇ! ಏನ್ರೀ ನಾಗರಾಜಪ್ಪಾರೆ, ನಾನು ಕೊಟ್ಟ ಸಸಿ ಎಲ್ಲಿ ಹೋದ್ವು?”

ಬಾಗಿಲ ಬಳಿ ಟೀ ಹೀರುತ್ತಿದ್ದ ಗಂಡನ ಸದ್ದು ಥಟ್ಟನೆ ನಿಂತದ್ದು ದಾಕ್ಷಾಯಿಣಿಗೆ ಕೇಳಿಸಿತು.

“ನಾನೇ ಬ್ಯಾರೆ ತರ್ಸಿದೆ ಕಣಕ್ಕ,” ಎಂದಳು. “ನೀನು ಕೊಟ್ಟವು ಒಣಗಿ ಹೋದ್ವು. ಇವರಿಗೆ ಹೇಳ್ದೆ, ಹೊಳಲ್ಕೆರೆಗೆ ಹೋಗಿ ತಗಂಬಂದ್ರು. ನಿನಗೆ ಬೇಜಾರಾದೀತು ಅಂತ ಸುಮ್ನಿದ್ದೆ.”

“ಅದಕ್ಯಾಕೆ ಬೇಜಾರು? ಸಸಿ ಅಂದ ಮ್ಯಾಲೆ ಒಂದು ಒಣಗ್ತೈತೆ, ಒಂದು ಚಿಗುರ್ತೈತೆ,” ಎಂದ ಅನುಸೂಯಕ್ಕ ಸಾರಿಗೆ ಆಗುವಷ್ಟು ಕಾಯಿ ಮಡಿಲಿಗೆ ಹಾಕಿಕೊಂಡು ಹೋದಳು.

ನಾಗರಾಜಪ್ಪನ ಹೆಜ್ಜೆ ಮೆಲ್ಲಗೆ ಹತ್ತಿರ ಬಂತು.

“ಯಾವಾಗ ಗೊತ್ತಾತು?”

“ಈಗ್ಲೇ.”

“ಬೇರು ಇಳಿಯಾ ತನಕ ಮೇಲಿಂದ್ಲೂ ನೀರು ಚಿಮುಕಿಸಬೇಕಂತೆ. ಬೀಗರನ್ನ ಆಮ್ಯಾಲೆ ಕೇಳ್ದೆ,” ಎಂದ. “ನಿನ್ ಕೈಯಿಂದ ಏನೂ ತಪ್ಪಾಗಿರ್ಲಿಲ್ಲ. ಆದ್ರೂ ಸತ್ತೋದ್ವು ಅಂತ ಹೆಂಗೆ ಹೇಳ್ಲಿ? ನೀನು ವಾಪಸ್ಸು ಹೋಗಿ ಆ ಕಂಬಕ್ಕೆ ಒರಗಿಬಿಟ್ರೆ…”

ದಾಕ್ಷಾಯಿಣಿಗೆ ನಗು ಬಂತು. ಈರುಳ್ಳಿ ಹೊಲ ಬಿಟ್ಟರೆ ಬೇರೇನೂ ಗೊತ್ತಿಲ್ಲದ ಮನುಷ್ಯ. ಇಷ್ಟು ವರ್ಷದ ಸಂಸಾರದಲ್ಲಿ ಹಿತ್ತಲಿಗೆ ಬಂದು ಒಂದು ಕಳೆ ಕಿತ್ತವನಲ್ಲ. ಅಂಥವನು ಬೆಳಗಿನ ಬಸ್ಸಿಗೆ ಹೋಗಿ ಸಸಿ ತಂದು, ಅವಳ ಕಿವಿಗೆ ಬೀಳದ ಹಾಗೆ, ಅವಳು ಗೇಣು ಹಾಕಿ ನೆಟ್ಟ ಅದೇ ಕುಳಿಗಳಲ್ಲಿ ಒಂದೊಂದನ್ನೂ ಊರಿದ್ದ. ಬೇರು ಇಳಿಯುವ ತನಕ ದಿನಾ ಬಂದು ನೀರು ಚಿಮುಕಿಸಿಯೂ ಇರಬೇಕು. ಅವಳು ತಡವಿ ಅವನ ಮುಂಗೈ ಹಿಡಿದಳು.

“ಶಿವ ಕಣ್ಣು ತಗಂಡ, ನಿಮ್ಮನ್ನ ನನಗೇ ಬಿಟ್ಟಾನೆ. ಬಾಳ ದೊಡ್ಡೋನು,” ಎಂದಳು. ಆಮೇಲೆ ಅವನ ಕೈ ಬಿಟ್ಟು, ಅಂಚು ಹಿಡಿದು, ಪಕ್ಕದ ಖಾಲಿ ಡ್ರಮ್ಮಿನ ಮಣ್ಣನ್ನು ಬೆರಳಲ್ಲಿ ಕೆದಕಿದಳು.

“ನಾಳೆ ಇದ್ರಾಗೆ ಬೆಂಡೆ ಬೀಜ ಹಾಕಾಣ. ಒಣಗಿದ್ರೆ ಒಣಗೈತೆ ಅಂತ್ಲೇ ಹೇಳ್ರಿ. ಇನ್ನ ಮ್ಯಾಲೆ ತಡ್ಕಂತೀನಿ.”