ಕುರ್ಚಿಗೆ ಕಟ್ಟಿದ ಗಾಡಿ

ಸಾಮಾನಿನ ಮೂಲನಕ್ಷೆಯಲ್ಲಿ ಗೆರೆ ಸರಿಸಿದರೆ ಆ ಸಾಮಾನೂ ತಾನೇ ಹಿಗ್ಗುವುದು, ಕುಗ್ಗುವುದು ಹುಬ್ಬಳ್ಳಿಯಲ್ಲಿ ಮಾಮೂಲಾಗಿತ್ತು. ಮಗು ಬೆಳೆದಂತೆ ತಾಯಂದಿರು ಹಾಲು ಕಾಯಿಸುತ್ತಲೇ ತೊಟ್ಟಿಲನ್ನು ಹಿಗ್ಗಿಸುತ್ತಿದ್ದರು. ಆದರೆ ರೋಬೋಟ್ ಸ್ಪರ್ಧೆಯ ತಪಾಸಣೆಯಲ್ಲಿ ಚಿದಂಬರ ನಕ್ಷೆ ಬರೆದ ರೋಬೋಟ್ ಗಾಡಿ ಮಾತ್ರ ಕುಗ್ಗಲೊಲ್ಲದು. ಅಳತೆಯ ಪೆಟ್ಟಿಗೆಯೊಳಗೆ ಅದು ಇಳಿಯದಿದ್ದರೆ ಇಡೀ ತಂಡವೇ ಹೊರಗೆ.

“ಚಕ್ರದ ಅಂತರ ಕಡಿಮಿ ಮಾಡೋ,” ಎಂದಳು ತಂಡದ ನಾಯಕಿ ರುಬೀನಾ.

“ಆಗವಲ್ದು. ಅದನ್ನ ಬ್ಯಾರೆ ಒಂದಕ್ಕ ಕಟ್ಟೇನಿ.”

“ಯಾವುದಕ್ಕ?”

ಮಾತೆಂದರೆ ನಾಚುವ ಚಿದಂಬರ ನಕ್ಷೆಯ ಮೇಲೆ ಬಗ್ಗಿದ. ನಕ್ಷೆಯ ಮೊದಲ ಗೆರೆ ಎಳೆದ ದಿನ, ಗಾಡಿಯ ಅಗಲ ಎಷ್ಟಿರಬೇಕೆಂದು ಯಾರನ್ನಾದರೂ ಕೇಳಬೇಕಿತ್ತು. ಕೇಳುವುದೆಂದರೆ ಮಾತಾಡುವುದು. ಆತ ಅದರ ಬದಲು ತಾನು ಕೂತಿದ್ದ ಮೂಲೆಯ ಕುರ್ಚಿಯ ಎರಡು ಕೈಗಳ ನಡುವಿನ ಅಂತರಕ್ಕೇ ಗಾಡಿಯ ಅಳತೆಯನ್ನು ನಕ್ಷೆಯಲ್ಲಿ ಕಟ್ಟಿಬಿಟ್ಟಿದ್ದ. ಕುರ್ಚಿ ಕುಗ್ಗಿದರೆ ಮಾತ್ರ ಗಾಡಿ ಕುಗ್ಗೀತು. ಆ ಕುರ್ಚಿಯನ್ನು ಇಲ್ಲಿಗೂ ಹೊತ್ತು ತಂದು, ಅದರಲ್ಲೇ ಕೂತಿದ್ದ.

“ಈ ಕುರ್ಚಿಗೆ,” ಎಂದ ಕೊನೆಗೆ.

“ಅಯ್ಯ! ಮೂಲ್ಯಾಗ ಕೂತು ಏನೋ ಘನವಾದದ್ದು ವಿಚಾರ ಮಾಡತಾನ ಅನ್ಕೊಂಡಿದ್ವಲ್ಲೋ!”

ಎಲ್ಲರೂ ನೋಡುತ್ತಿರುವಾಗ ಎದ್ದು ನಿಲ್ಲಲು ನಾಚಿ, ಅವನು ಕೂತಲ್ಲೇ ನಕ್ಷೆಯಲ್ಲಿ ಕುರ್ಚಿಯ ಅಗಲದ ಅಂಕಿ ಇಳಿಸಿದ. ಗಾಡಿ ಪೆಟ್ಟಿಗೆಯೊಳಗೆ ಮೆತ್ತಗೆ ಇಳಿಯಿತು. ಕುರ್ಚಿ ಅವನ ಸೊಂಟವನ್ನು ಕಚ್ಚಿಕೊಂಡಿತು.

“ಪಾಸ್! ಮೊದಲನೇ ಆಟ ನಿಮ್ಮದ. ಓಡಸಾಂವ ಯಾರು?” ಎಂದರು ತಪಾಸಣೆಯವರು.

ಓಡಿಸುವವನು ಚಿದಂಬರನೇ. ಹಿಗ್ಗಿಸಿದರೆ ಗಾಡಿಯೂ ಹಿಗ್ಗೀತು, ಆದ್ದರಿಂದ ಆಟ ಮುಗಿಯುವವರೆಗೆ ಕುರ್ಚಿಯನ್ನು ಹಿಗ್ಗಿಸುವಂತಿಲ್ಲ. ಅವನು ಎದ್ದ, ಕುರ್ಚಿಯೂ ಎದ್ದಿತು. ತುಂಬಿದ ಸಭಾಂಗಣ ಘೊಳ್ಳೆಂದಿತು. ಅಷ್ಟು ಜನರೆದುರು ಚಿದಂಬರ ಬಾಯಿಬಿಟ್ಟು ಕೇಳಿದ:

“ಯಾರರ ಕುರ್ಚಿ ಹಿಂದಿನ ಕಾಲು ಹಿಡ್ಕೊಳ್ರಿಪಾ.”

ಇಡೀ ತಂಡ ಓಡಿ ಬಂತು.